ಮ್ಹಾಪಸಾದ ಶಾಲೆಯಲ್ಲಿ ಒಂದು ವಾರ

ಯಾರು ಯಾರ ಭಾಷೆಯನ್ನು ಮೊದಲು ಕಲಿಯಬೇಕು? ಅಧ್ಯಾಪಕರು ಮಗುವಿನದನ್ನೋ, ಮಗು ಅಧ್ಯಾಪಕರದನ್ನೋ? ಗಡಿನಾಡಿನ ನಮಗೆ ಈ ಪ್ರಶ್ನೆ ಹೊಸತಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದವರು ನೇಮಕವಾಗಿ ಬಂದಾಗಲೆಲ್ಲ ನಾವು ಅದನ್ನು ಕೇಳಿದ್ದೇವೆ, ಮನವಿ ಕೊಟ್ಟಿದ್ದೇವೆ, ಧರಣಿ ಕೂತಿದ್ದೇವೆ. ಆದರೆ ಈ ಪ್ರಶ್ನೆಗೆ ಎಷ್ಟು ಹಳೆಯ ಚರಿತ್ರೆಯಿದೆಯೆಂಬುದು ನನಗೆ ತಿಳಿದದ್ದು ಊರಿನಲ್ಲಲ್ಲ, ಗೋವೆಯ ಮ್ಹಾಪಸಾದಲ್ಲಿ, ಒಂದು ಪ್ರಾಥಮಿಕ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತಾಗ.

ನಾನು ಬ್ಯಾಂಕಿನ ಗುಮಾಸ್ತ. ಊರು ಕಾಸರಗೋಡಿನ ಕಡೆ. ಚಿಕ್ಕಂದಿನಲ್ಲಿ ನೆರೆಮನೆಯವರಿಂದ ಕೊಂಕಣಿ ಕಲಿತದ್ದು ಕೆಲಸಕ್ಕೆ ಬಂದು, ಗೋವೆಯಲ್ಲಿ ನೌಕರಿ ಸಿಕ್ಕಿತು. 2019ರ ಜುಲೈ ತಿಂಗಳು. ವಿದ್ಯಾರ್ಥಿವೇತನದ ಹಣ ನೇರವಾಗಿ ಖಾತೆಗೆ ಜಮೆಯಾಗಬೇಕಾದ್ದರಿಂದ ಶಾಲಾಮಕ್ಕಳಿಗೆ ಖಾತೆ ತೆರೆಯುವ ಕೆಲಸ ಬಂತು. ತಂದೆತಾಯಂದಿರು ಕೂಲಿಗೆ ಹೊರಡುವ ಮುನ್ನ ಶಾಲೆಯ ಹತ್ತಿರವೇ ಸಿಗುತ್ತಾರೆಂದು, ಒಂದು ವಾರ ಬೆಳಗ್ಗೆ ಎಂಟರಿಂದ ಹತ್ತರವರೆಗೆ ನಾನು ಅಲ್ಲಿಗೇ ಹೋಗಿ ಫಾರಂ ತುಂಬುವುದೆಂದು ತೀರ್ಮಾನವಾಯಿತು. ಬೇರೆ ಕೋಣೆ ಇರಲಿಲ್ಲ. ಮೂರನೆಯ, ನಾಲ್ಕನೆಯ ತರಗತಿಗಳು ಒಟ್ಟಿಗೆ ನಡೆಯುವ ಕೋಣೆಯ ಹಿಂದಿನ ಬೆಂಚು ನನ್ನ ಪಾಲಿಗೆ ಬಂತು.

ಸೋಮವಾರ

ಮ್ಹಾಪಸಾ ಬಾರ್ದೇಸ್ ತಾಲೂಕಿನ ಮುಖ್ಯ ಪಟ್ಟಣ. ಮಾಪು ತುಂಬಿ ಅಳೆದು ಕೊಡುವ ಊರಾದ್ದರಿಂದ ಈ ಹೆಸರು ಬಂತೆಂದು ಅಲ್ಲಿಯವರು ಹೇಳುತ್ತಾರೆ. ಸರಕಾರಿ ಪ್ರಾಥಮಿಕ ಶಾಲೆಗಳು ಅಲ್ಲಿ ಹೆಚ್ಚಾಗಿ ಮರಾಠಿ ಮಾಧ್ಯಮದವು, ಇದೂ ಹಾಗೆಯೇ. ಪ್ರಾರ್ಥನೆ ಮುಗಿದು ಮಕ್ಕಳು ಕುಳಿತ ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ಎದ್ದು ನಿಂತು, "ನೀರ ಕುಡಿಯಾಕ ಹೋಗ್ಲೇನ್ರೀ?" ಎಂದಳು. ನಾನು ಪೆನ್ನು ಕೆಳಗಿಟ್ಟೆ. ಅವಳು ರೋಣದ ಕಡೆಯವಳು. ಅಪ್ಪ ಗಾರೆ ಕೆಲಸದವನು. ಬಾಗಲಕೋಟೆ, ಗದಗ, ವಿಜಯಪುರ ಜಿಲ್ಲೆಗಳಿಂದ ಬಂದ ಇಂಥ ಮಕ್ಕಳು ಆ ಕೋಣೆಯಲ್ಲಿ ಏಳೆಂಟು ಮಂದಿಯಿದ್ದರು. ಘಟ್ಟದ ಮೇಲಿನಿಂದ ಬಂದವರನ್ನು ಗೋವೆಯಲ್ಲಿ 'ಘಾಂಟಿ' ಎನ್ನುವುದುಂಟು. ಅದು ಗೌರವದ ಮಾತಲ್ಲ.

ಅಧ್ಯಾಪಿಕೆಯನ್ನು ಅಲ್ಲಿ 'ಬಾಯಿ' ಎಂದು ಕರೆಯುತ್ತಾರೆ. ಆ ಬಾಯಿ ಹುಡುಗಿಯನ್ನು ಗದರಲಿಲ್ಲ. ಗೋಡೆಯ ಮೇಲಿನ ಚಿತ್ರಪಟ ತೋರಿಸಿ, "ಪಾಣಿ" ಎಂದರು. ಪಕ್ಕದಲ್ಲಿದ್ದ ಗೋವೆಯ ಹುಡುಗನೊಬ್ಬ ತಟ್ಟನೆ "ಉದಕ" ಎಂದ. ಪುಸ್ತಕದಲ್ಲಿರುವುದು ಮರಾಠಿಯ ಪಾಣಿ, ಆ ಹುಡುಗನ ಮನೆಯಲ್ಲಿರುವುದು ಕೊಂಕಣಿಯ ಉದಕ, ಬಾಯಾರಿದ್ದವಳಿಗೆ ಬೇಕಾದದ್ದು ನೀರು. ಪುಸ್ತಕದ ಭಾಷೆ ಅಲ್ಲಿ ನಮ್ಮ ಕನ್ನಡದ ಮಕ್ಕಳಿಗೆ ಮಾತ್ರವಲ್ಲ, ನೆಲದ ಮಕ್ಕಳಿಗೂ ಮನೆಯ ಭಾಷೆಯಲ್ಲವೆಂಬುದು ಆಗ ನನಗೆ ಹೊಳೆಯಿತು.

ಹೀಗಾದದ್ದಕ್ಕೆ ಕಾರಣವಿದೆ. 1961ರ ಡಿಸೆಂಬರ್ 19ರಂದು ಗೋವೆ ಪೋರ್ಚುಗೀಸರಿಂದ ಬಿಡುಗಡೆಯಾದಾಗ ಅಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದರು. ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರರ ಕಾಲದಲ್ಲಿ ಹಳ್ಳಿಹಳ್ಳಿಗೆ ಸರಕಾರಿ ಶಾಲೆಗಳು ಬಂದವು. ಅವುಗಳಲ್ಲಿ ಬಹುಪಾಲು ಮರಾಠಿಯವು. ಹಿಂದೆ ಶಾಲೆಯ ಮುಖ ಕಾಣದ ಮನೆಗಳ ಮಕ್ಕಳು ಆ ಶಾಲೆಗಳಿಂದಲೇ ಓದು ಕಲಿತರು. ಆ ಉಪಕಾರವನ್ನು ಮರೆಯಬಾರದು. 1987ರ ಫೆಬ್ರವರಿಯಲ್ಲಿ ಬಂದ ಕಾನೂನಿನಿಂದ ದೇವನಾಗರಿ ಲಿಪಿಯ ಕೊಂಕಣಿ ಆಡಳಿತ ಭಾಷೆಯಾಯಿತು, ಮರಾಠಿಗೂ ಸರಕಾರಿ ಬಳಕೆಯಲ್ಲಿ ಸ್ಥಾನ ಉಳಿಯಿತು. 1990ರಲ್ಲಿ ಪ್ರಾಥಮಿಕ ಹಂತದಲ್ಲಿ ಕೊಂಕಣಿ, ಮರಾಠಿಯಂಥ ದೇಶಭಾಷೆಗಳಲ್ಲಿ ಕಲಿಸುವ ಶಾಲೆಗಳಿಗೆ ಮಾತ್ರ ಅನುದಾನವೆಂದಾಯಿತು. 2011ರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೂ ಅನುದಾನದ ಬಾಗಿಲು ತೆರೆಯಿತು. ಅದರ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. ಒಂದೇ ಮನೆಯ ಅಜ್ಜ ಪೋರ್ಚುಗೀಸಿನಲ್ಲಿ, ಮಗ ಮರಾಠಿಯಲ್ಲಿ, ಮೊಮ್ಮಗ ಇಂಗ್ಲಿಷಿನಲ್ಲಿ ಅಕ್ಷರ ತಿದ್ದಿರುವುದು ಗೋವೆಯಲ್ಲಿ ಅಪರೂಪವಲ್ಲ. ಮೂವರೂ ಊಟಕ್ಕೆ ಕುಳಿತಾಗ ಆಡುವುದು ಕೊಂಕಣಿ.

ಮಂಗಳವಾರ

ಮಂಗಳವಾರ ಮಗ್ಗಿಯ ದಿನ. "ಬೇ ಏಕೇ ಬೇ, ಬೇ ದುಣೇ ಚಾರ" ಎಂದು ಇಡೀ ಕೋಣೆ ರಾಗವಾಗಿ ಹೇಳತೊಡಗಿತು. ರೋಣದ ಹುಡುಗಿಯೂ ತಪ್ಪಿಲ್ಲದೆ ಹೇಳಿದಳು. ಅವಳು ಫಾರಂಗಾಗಿ ನನ್ನ ಹತ್ತಿರ ಬಂದಾಗ ಮೆಲ್ಲನೆ, "ಎರಡು ಮೂರಲೆ ಎಷ್ಟು?" ಎಂದು ಕೇಳಿದೆ. ಸುಮ್ಮನೆ ನಿಂತಳು. ಆಮೇಲೆ ಮೇಜಿನ ಮೇಲಿದ್ದ ಗುಂಡುಸೂಜಿಗಳನ್ನು ಎರಡೆರಡಾಗಿ ಮೂರು ಗುಂಪು ಮಾಡಿ ಎಣಿಸಿ, "ಆರ್ರೀ" ಎಂದಳು. ಲೆಕ್ಕ ಅವಳಿಗೆ ಬರುತ್ತಿತ್ತು, ಮಗ್ಗಿಯೂ ಬರುತ್ತಿತ್ತು. ಒಂದಕ್ಕೊಂದು ಗಂಟು ಬಿದ್ದಿರಲಿಲ್ಲ, ಅಷ್ಟೇ.

ಇದನ್ನು ಕೇವಲ ಪರಭಾಷೆಯ ದೋಷವೆಂದು ಹೇಳಿ ಮುಗಿಸುವಂತಿಲ್ಲ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರರಿಂದ ಊರ ಶಾಲೆಗಳ ಲೆಕ್ಕ ತರಿಸಿದ. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕೊಟ್ಟ ವರದಿ ಅವುಗಳಲ್ಲಿ ಪ್ರಸಿದ್ಧವಾದುದು. ಸುಮಾರು ಒಂಬತ್ತೂಕಾಲು ಲಕ್ಷ ಜನರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು; ಉಳಿದವು ಮರಾಠಿ, ಪಾರಸಿ, ಸಂಸ್ಕೃತ ಮೊದಲಾದವು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವ ಪದ್ಧತಿಯನ್ನು ಅವನು ವಿವರಿಸಿದ್ದಾನೆ. ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದು ಎಲ್ಲವೂ ಅದರಲ್ಲಿವೆ. ಕಡಮೆ ಖರ್ಚಿನ ಈ ಕ್ರಮವನ್ನು ಅವನು ಮೆಚ್ಚಿಯೂ ಇದ್ದಾನೆ. ಆದರೆ ಅವನ ಮುಖ್ಯ ದೂರು ಬೇರೆ. ಮಕ್ಕಳು ಉರು ಹೊಡೆಯುವುದು ಪದ್ಯಗ್ರಂಥಗಳನ್ನು, ಅವುಗಳ ಭಾಷೆಯಾದರೋ ಆಡುಮಾತಿಗಿಂತ ತೀರ ಬೇರೆ, ಅರ್ಥ ಗೊತ್ತಿಲ್ಲದೆ ಗಿಳಿಯಂತೆ ಒಪ್ಪಿಸುತ್ತಾರೆ ಎಂದು ಅವನ ಆಕ್ಷೇಪ. ಅಂದರೆ ಕನ್ನಡ ಶಾಲೆಯಲ್ಲಿ ಕುಳಿತ ಕನ್ನಡದ ಮಗುವಿಗೂ ಪುಸ್ತಕದ ಕನ್ನಡ ಪರಭಾಷೆಯಾಗಿರಲು ಸಾಧ್ಯ. ಶಾಲೆಯ ಹಲಗೆಯ ಮೇಲೆ ಯಾವ ಮಾಧ್ಯಮವೆಂದು ಬರೆದಿದೆ ಎಂಬುದು ಅರ್ಧ ಮಾತ್ರ.

ನಮ್ಮ ಊರಿನ ಲೆಕ್ಕ ಆ ಪಟ್ಟಿಯಲ್ಲಿ ಎಷ್ಟಿತ್ತೆಂದು ಓದುಗರು ಕೇಳಬಹುದು. ಆಗ ಕಾಸರಗೋಡು ಕೆನರಾ ಜಿಲ್ಲೆಯ ಬೇಕಲ ತಾಲೂಕಿನಲ್ಲಿತ್ತು. ಕೆನರಾದ ಕಲೆಕ್ಟರ್ ಅಂಕಿಸಂಖ್ಯೆಯನ್ನೇ ಕೊಡಲಿಲ್ಲ. ಇಲ್ಲಿ ಕಲಿಕೆ ಹೆಚ್ಚಾಗಿ ಮನೆಮನೆಗಳಲ್ಲಿ ಖಾಸಗಿಯಾಗಿ ನಡೆಯುತ್ತದೆ, ಪಟ್ಟಿ ತುಂಬಿ ಪ್ರಯೋಜನವಿಲ್ಲ ಎಂದು ಉತ್ತರ ಬರೆದ. ಐಗಳು ಜಗಲಿಯಲ್ಲಿ ಕನ್ನಡ ಕಲಿಸುತ್ತಿದ್ದುದೂ, ಎಳುತ್ತಾಶಾನರು ಮರಳ ಮೇಲೆ ಮಲೆಯಾಳದ ಹರಿಶ್ರೀ ಬರೆಯಿಸುತ್ತಿದ್ದುದೂ ಹೀಗೆ ಸರಕಾರದ ಪಟ್ಟಿಯ ಹೊರಗೆ ಉಳಿದವು.

ಬುಧವಾರ

ಆ ದಿನ ಶುದ್ಧಬರಹ. ರೋಣದ ಹುಡುಗಿ ದೇವನಾಗರಿಯಲ್ಲಿ ಚೆನ್ನಾಗಿ ಬರೆಯುತ್ತಿದ್ದಳು. ನಾನು ಒಂದು ಚೀಟಿಯಲ್ಲಿ ಅವಳ ಹೆಸರನ್ನು ಕನ್ನಡದಲ್ಲಿ ಬರೆದು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಇದು ಏನ್ರೀ?" ಎಂದಳು. "ನಿನ್ನ ಹೆಸರು" ಎಂದೆ. ನಂಬಲಿಲ್ಲ. ಆಮೇಲೆ ಚೀಟಿಯನ್ನು ಮಡಚಿ ಕಂಪಾಸು ಪೆಟ್ಟಿಗೆಯಲ್ಲಿಟ್ಟುಕೊಂಡಳು.

ಕನ್ನಡದ ಅಕ್ಷರಕ್ಕೆ ಗೋವೆ ಹೊಸ ನೆಲವೇನಲ್ಲ. ಗೋವೆಯ ಕದಂಬರ ಕನ್ನಡ ಶಾಸನಗಳನ್ನು ಬಲ್ಲವರು ಬಲ್ಲರು. ಅಲ್ಲಿನ ಕೊಂಕಣಿಯನ್ನು ಹಿಂದೆ ಗೋಯ್‌ಕಾನಡಿ ಅಥವಾ ಕಂದೇವಿ ಎಂಬ, ಹಳೆಯ ಕನ್ನಡ ಲಿಪಿಗೆ ಹತ್ತಿರವಾದ ಲಿಪಿಯಲ್ಲಿ ಬರೆಯುತ್ತಿದ್ದರು. ಗ್ರಾಮಸಂಸ್ಥೆಗಳ ಲೆಕ್ಕಪತ್ರಗಳು ಅದರಲ್ಲಿ ಇರುತ್ತಿದ್ದವು. ಪೋರ್ಚುಗೀಸರು ಅಲ್ಲಿಯ ಭಾಷೆಗೆ 'ಕನಾರಿಂ' ಎಂದೇ ಹೆಸರಿಟ್ಟರು. ಇಂಗ್ಲೆಂಡಿನಿಂದ 1579ರಲ್ಲಿ ಗೋವೆಗೆ ಬಂದ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ, ಅವನು ತೀರಿಕೊಂಡ ಮೇಲೆ 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲಿಯೂ ಇರುವುದು 'ಕನಾರಿಂ ಭಾಷೆ' ಎಂದು. ಹೆಸರು ತಪ್ಪಿರಬಹುದು. ಆದರೆ ಕಲಿಸಲು ಬಂದವನು ಮೊದಲು ತಾನು ಕಲಿತ ಎಂಬುದಕ್ಕೆ ಆ ಪುಸ್ತಕ ಸಾಕ್ಷಿ.

ಗುರುವಾರ

ನಾನು ಹೇಳಹೊರಟ ಮುಖ್ಯ ಸಂಗತಿ ಇಲ್ಲಿದೆ. 1543ರಲ್ಲಿ ಬಾರ್ದೇಸ್ ಪೋರ್ಚುಗೀಸರ ಕೈಸೇರಿದ ಮೇಲೆ ಅಲ್ಲಿನ ಇಗರ್ಜಿಗಳ ಹೊಣೆ ಫ್ರಾನ್ಸಿಸ್ಕನ್ ಪಾದ್ರಿಗಳಿಗೆ ಬಂತು. ಇಗರ್ಜಿಗೆ ಹೊಂದಿಕೊಂಡ ಶಾಲೆಗಳಲ್ಲಿ ಮಕ್ಕಳಿಗೆ ಜಪ, ಸಂಗೀತ, ಓದುಬರಹ ಕಲಿಸುತ್ತಿದ್ದರು. ಊರಿನ ಭಾಷೆ ಬಾರದವರನ್ನು ಇಗರ್ಜಿಯ ಹೊಣೆಗೆ ಹಾಕಬಾರದೆಂದು 1606ರ ಧರ್ಮಸಭೆ ಕಟ್ಟಪ್ಪಣೆ ಮಾಡಿತ್ತು. ಫ್ರಾನ್ಸಿಸ್ಕನ್ನರಲ್ಲಿಯೂ ಗಾಸ್ಪರ್ ದ ಸಾಂವ್ ಮಿಗೆಲ್‌ನಂತೆ ಕೊಂಕಣಿಯನ್ನು ಆಳವಾಗಿ ಬಲ್ಲವರಿದ್ದರು. ಕಾಲ ಕಳೆದಂತೆ ಕಲಿಯುವ ಶ್ರದ್ಧೆ ಕುಂದಿತು. ಕೊನೆಗೆ ಅವರಿಗೆ ಹೊಳೆದ ದಾರಿಯೆಂದರೆ, ತಾವು ಜನರ ಭಾಷೆ ಕಲಿಯುವ ಬದಲು ಜನರೇ ತಮ್ಮ ಭಾಷೆ ಕಲಿಯಲಿ ಎಂಬುದು. ಅವರ ಮನವಿಗೆ ಒಪ್ಪಿ ವೈಸರಾಯ್ ಕೌಂಟ್ ಆಫ್ ಆಲ್ವೋರ್ 1684ರ ಜೂನ್ 27ರಂದು ಆಜ್ಞೆ ಹೊರಡಿಸಿದ. ಮೂರು ವರ್ಷಗಳೊಳಗೆ ಎಲ್ಲರೂ ಪೋರ್ಚುಗೀಸ್ ಕಲಿತು ಅದರಲ್ಲೇ ವ್ಯವಹರಿಸಬೇಕು, ಪಾದ್ರಿಗಳೂ ಶಾಲಾ ಅಧ್ಯಾಪಕರೂ ಅದರಲ್ಲೇ ಕಲಿಸಬೇಕು ಎಂದು. 1812ರಲ್ಲಿ ಶಾಲೆಯೊಳಗೆ ಮಕ್ಕಳು ಕೊಂಕಣಿ ಮಾತಾಡಬಾರದೆಂಬ ಅಪ್ಪಣೆಯೂ ಆಯಿತು.

ಈ ಕಥೆಯನ್ನು ಬಯಲಿಗೆ ತಂದವನೂ ಪೋರ್ಚುಗೀಸನೇ. 1855ರಲ್ಲಿ ಸರಕಾರದ ಮುಖ್ಯ ಕಾರ್ಯದರ್ಶಿಯಾಗಿ ಗೋವೆಗೆ ಬಂದ ಕುನ್ಯಾ ರಿವಾರಾ ಹಳೆಯ ಕಡತಗಳನ್ನೆಲ್ಲ ತೆಗೆದು ಓದಿ 1858ರಲ್ಲಿ ಕೊಂಕಣಿ ಭಾಷೆಯ ಚರಿತ್ರೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. 1684ರ ಆಜ್ಞೆಯ ಹಿಂದೆ ಇದ್ದದ್ದು ಕಲಿಯಲೊಲ್ಲದವರ ಸೋಮಾರಿತನವೆಂದು ದಾಖಲೆ ಸಹಿತ ತೋರಿಸಿಕೊಟ್ಟು, ತಮ್ಮ ತಾಯ್ನುಡಿಯನ್ನು ಎತ್ತಿಹಿಡಿಯಿರಿ ಎಂದು ಗೋವೆಯ ಯುವಕರಿಗೆ ಕರೆಕೊಟ್ಟ. ಮೂರು ವರ್ಷದಲ್ಲಿ ಅಳಿಯಬೇಕಾಗಿದ್ದ ಕೊಂಕಣಿ 277 ವರ್ಷಗಳ ಮೇಲೆ, ಪೋರ್ಚುಗೀಸರು ಹೊರಟಾಗಲೂ ಮನೆಮನೆಯಲ್ಲಿತ್ತು. ಆಜ್ಞೆಯಿಂದ ಆದದ್ದಿಷ್ಟೇ: ಮನೆಯಲ್ಲಿ ಆಡುವ ಭಾಷೆ ಅಕ್ಷರಕ್ಕೆ ಯೋಗ್ಯವಲ್ಲವೆಂಬ ಭಾವನೆ ಬೇರೂರಿತು.

ಘಟ್ಟದ ಮೇಲೂ ಇಂಥದೇ ಇನ್ನೊಂದು ಕಥೆ ನಡೆದಿದೆ. ರೋಣ, ಗದಗ, ಧಾರವಾಡಗಳು ಮುಂಬಯಿ ಪ್ರಾಂತದಲ್ಲಿದ್ದಾಗ ಅಲ್ಲಿಯ ಸರಕಾರಿ ಶಾಲೆಗಳು ಮರಾಠಿಯವಾಗಿದ್ದವು. ಆ ಸೀಮೆಯ ಭಾಷೆ ಮರಾಠಿಯೆಂದೇ ಕಚೇರಿಯವರು ನಂಬಿದ್ದರು. ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ 1830ರ ಸುಮಾರಿಗೆ ಧಾರವಾಡದಲ್ಲಿ ಕೈಯಿಂದ ಖರ್ಚು ಹಾಕಿ ಕನ್ನಡ ಶಾಲೆ ನಡೆಸಿದ. ಮುಂದೆ ವಿದ್ಯಾ ಇಲಾಖೆಯ ರಸೆಲ್ ಸಾಹೇಬನೂ, 1881ರಲ್ಲಿ ತೀರಿಕೊಂಡ ಡೆಪ್ಯುಟಿ ಚನ್ನಬಸಪ್ಪನವರೂ ಕನ್ನಡ ಶಾಲೆಗಳನ್ನು ಊರೂರಿಗೆ ಹಬ್ಬಿಸಿದರು. ಆ ಶಾಲೆಗಳ ನಾಡಿನಿಂದ ಹೊರಟು ಬಂದ ಕುಟುಂಬದ ಮಗು ಈಗ ಮ್ಹಾಪಸಾದಲ್ಲಿ ಮತ್ತೆ ಮರಾಠಿ ಮಗ್ಗಿ ಹೇಳುತ್ತಿದೆ.

ಆ ಬೆಳಗ್ಗೆ ಬಾಯಿ ನನ್ನ ಬೆಂಚಿಗೆ ಬಂದು ಹಾಜರಿ ಪುಸ್ತಕದ ಕೊನೆಯ ಪುಟ ತೆರೆದರು. ಅಲ್ಲಿ ದೇವನಾಗರಿಯಲ್ಲಿ ಕೆಲವು ಕನ್ನಡ ಪದಗಳಿದ್ದವು: ನೀರು, ಹಸಿವು, ಅವ್ವ, ಬಾ, ಕೂಡು. ಮಕ್ಕಳ ಬಾಯಿಂದ ಕೇಳಿ ಬರೆದುಕೊಂಡದ್ದಂತೆ. "ಹೊಟ್ಟೆ ನೋಯುತ್ತದೆಂದು ಹೇಗೆ ಹೇಳುತ್ತಾರೆ? ಹೋದ ತಿಂಗಳು ಒಂದು ಮಗು ಅತ್ತಾಗ ನನಗೆ ತಿಳಿಯಲೇ ಇಲ್ಲ" ಎಂದು ಕೊಂಕಣಿಯಲ್ಲಿ ಕೇಳಿದರು. ಹೇಳಿದೆ. ಇನ್ನೊಂದು ಪದವೂ ಬೇಕಾಗಿತ್ತು ಅವರಿಗೆ: "ನಾಳೆ."

ಶುಕ್ರವಾರ

ಆ ಪದ ಯಾಕೆ ಬೇಕಾಗಿತ್ತೆಂದು ಮರುದಿನ ತಿಳಿಯಿತು. ಶುಕ್ರವಾರ ಮ್ಹಾಪಸಾದ ಸಂತೆ. ಬಾರ್ದೇಸಿನ ಹಳ್ಳಿಗಳೆಲ್ಲ ಅಲ್ಲಿಗೆ ಇಳಿದು ಬರುತ್ತವೆ. ಮೊಯ್ರಾದ ಬಾಳೆಹಣ್ಣು, ಒಣಮೀನು, ಮೆಣಸು, ಮಣ್ಣಿನ ಮಡಕೆ, ಮಾಲೆ ಕಟ್ಟಿದ ಹಂದಿಮಾಂಸದ ಸಾಸೇಜು, ಎಲ್ಲವೂ ಅಲ್ಲಿ. ನಮ್ಮ ಏಳೆಂಟು ಮಕ್ಕಳಲ್ಲಿ ಅಂದು ಬಂದವರು ಮೂವರು. ರೋಣದ ಹುಡುಗಿಯ ತಾಯಿ ಸಂತೆಯಲ್ಲಿ ಸೊಪ್ಪು ಮಾರಲು ಕೂರುತ್ತಾಳೆ, ಮಗಳು ಕೈಗೂಸು ನೋಡಿಕೊಳ್ಳಬೇಕು. ಹಿಂದಿನ ದಿನ ಬಾಯಿ ಹೊಸದಾಗಿ ಕಲಿತ ಕನ್ನಡದಲ್ಲಿ ಅವಳಿಗೆ "ನಾಳೆ ಬಾ" ಎಂದು ಎರಡು ಸಲ ಹೇಳಿದ್ದನ್ನು ನಾನು ಕೇಳಿದ್ದೆ. ಅವಳೂ ತಲೆಯಾಡಿಸಿದ್ದಳು.

ಕ್ಯಾಂಬೆಲ್ ಸಾಹೇಬನ ವರದಿಯಲ್ಲಿ ಇದೂ ಇದೆ. ಕೈಕಾಲಿಗೆ ಚೂರು ಬಲ ಬಂದ ಕೂಡಲೇ ಮಕ್ಕಳನ್ನು ದುಡಿಮೆಗೆ ಕರೆದುಕೊಳ್ಳದೆ ಎಷ್ಟೋ ಬಡವರಿಗೆ ಬೇರೆ ದಾರಿಯಿಲ್ಲ, ಶಾಲೆಗಳು ಕ್ಷೀಣಿಸಲು ಜನರ ಬಡತನವೇ ಕಾರಣ ಎಂದು 1823ರಲ್ಲೇ ಬರೆದಿದ್ದಾನೆ. ಭಾಷೆಯ ಚರ್ಚೆಯಲ್ಲಿ ನಾವು ಇದನ್ನು ಮರೆಯುವುದುಂಟು. ಅವಳ ಖಾತೆಯ ಫಾರಂಗೆ ತಾಯಿಯ ಹೆಬ್ಬೆಟ್ಟು ಬೇಕಾಗಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸಂತೆಗೆ ಹೋಗಿ ಸೊಪ್ಪಿನ ಕಟ್ಟುಗಳ ನಡುವೆ ಕುಳಿತು ಒತ್ತಿಸಿಕೊಂಡು ಬಂದೆ. "ಎಪ್ಪಾ, ಇವಳು ಕನ್ನಡ ಸಾಲಿ ಕಲಿತರ ಊರಿಗೆ ಹ್ವಾದಾಗ ಬೋರ್ಡ್ ಓದತಿದ್ದಳು" ಎಂದಳು ತಾಯಿ. ವಾಸ್ಕೋ ಕಡೆ ಕನ್ನಡದ ಮಂದಿ ಹೆಚ್ಚಿರುವಲ್ಲಿ ಕನ್ನಡ ಮಾಧ್ಯಮದ ತರಗತಿಗಳು ನಡೆದದ್ದುಂಟು; ಮ್ಹಾಪಸಾದ ಈ ಮಕ್ಕಳಿಗೆ ಅದು ದೂರದ ಮಾತು.

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆನ್ನುತ್ತದೆ. ಏಳನೆಯ ತಿದ್ದುಪಡಿಯಿಂದ ಬಂದ ಆ ವಿಧಿ ಜಾರಿಯಾದದ್ದು 1956ರ ನವೆಂಬರ್ 1ರಂದು. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ದಿನ. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ತಾಯ್ನುಡಿಯಲ್ಲೇ ಕಲಿಸಬೇಕೆಂದಿದೆ. ಆದರೆ ಸೊಪ್ಪು ಮಾರುವ ತಾಯಿ ಯಾವ ಕಚೇರಿಯಲ್ಲಿ ಯಾವ ವಿಧಿಯನ್ನು ಕೇಳಬೇಕು? ನಮಗೆ ಕಾಸರಗೋಡಿನಲ್ಲಿ ಕನ್ನಡ ಶಾಲೆಗಳು ಉಳಿದಿರುವುದು ಕೇಳುವವರಿದ್ದುದರಿಂದ. 2017ರಲ್ಲಿ ಮಲೆಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗಲೂ ನಮ್ಮವರು ಬೀದಿಗಿಳಿದು ಕೇಳಿದರು.

ಶನಿವಾರ

ಶನಿವಾರ ಅರ್ಧ ದಿನ ಶಾಲೆ. ರೋಣದ ಹುಡುಗಿ ಬಂದಿದ್ದಳು. ಕಂಪಾಸು ಪೆಟ್ಟಿಗೆಯಿಂದ ಚೀಟಿ ತೆಗೆದು, ಅದನ್ನು ನೋಡಿ ಪಾಟಿಯ ಮೇಲೆ ಬರೆದುಕೊಂಡು ಬಂದಿದ್ದ ತನ್ನ ಹೆಸರನ್ನು ತೋರಿಸಿದಳು. ಒತ್ತಕ್ಷರ ತಲೆಕೆಳಗಾಗಿತ್ತು. ತಿದ್ದಿಕೊಟ್ಟೆ. ನನ್ನ ಫಾರಂಗಳೂ ಮುಗಿದಿದ್ದವು.

ಎರಡು ಮಾತುಗಳನ್ನು ಬರೆಯದೆ ಈ ಲೇಖನ ಮುಗಿಸಿದರೆ ಅಪ್ರಾಮಾಣಿಕವಾದೀತು.

ಒಂದು, ನಾನು ಓದಿದ್ದು ಗಡಿನಾಡಿನ ಕನ್ನಡ ಶಾಲೆಯಲ್ಲಿ. ನಮ್ಮ ತರಗತಿಯಲ್ಲಿ ತುಳು, ಬ್ಯಾರಿ, ಮಲೆಯಾಳ, ಕೊಂಕಣಿ, ಮರಾಠಿ ಮನೆಮಾತಿನವರಿದ್ದರು. ಎರಡನೆಯ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮಲೆಯಾಳದ ಹುಡುಗ ಒಂದು ದಿನ ಬಾಯಾರಿ "ವೆಳ್ಳಂ" ಎಂದದ್ದಕ್ಕೆ ಬೆತ್ತದ ಏಟು ತಿಂದ. "ಕನ್ನಡದಲ್ಲಿ ಕೇಳು" ಎಂದು ಆಜ್ಞೆಯಾಯಿತು. ನಾವೆಲ್ಲ ನಕ್ಕೆವು. ಮ್ಹಾಪಸಾದ ಬಾಯಿ "ನೀರು" ಎಂದು ಬರೆದುಕೊಂಡ ಪುಟ ನೋಡಿದಾಗ ಮೂವತ್ತು ವರ್ಷಗಳ ಹಿಂದಿನ ಆ ನಗು ನನಗೆ ನೆನಪಾಯಿತು. ನಮ್ಮ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಕೇಳುವುದು ನಮ್ಮ ಹಕ್ಕು, ಅದನ್ನು ಬಿಡಬಾರದು. ಜತೆಗೆ ಆ ಅಧ್ಯಾಪಕರು ತುಳುವಿನ, ಬ್ಯಾರಿಯ, ಮಲೆಯಾಳದ ಮಗುವಿನ ನಾಲ್ಕು ಪದಗಳನ್ನಾದರೂ ಬಲ್ಲವರಾಗಿರಲಿ ಎಂದೂ ಕೇಳಬೇಕು. 1684ರ ಆಜ್ಞೆ ಬರೆದವರ ಮನಸ್ಸು ಯಾವ ಭಾಷೆಯವರಲ್ಲೂ ಹುಟ್ಟಬಹುದು.

ಇನ್ನೊಂದು ನನ್ನ ಮನೆಯದು. ನನ್ನ ಮಗಳು ಗೋವೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಳು. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ನನ್ನ ತಂದೆಯವರು ಪ್ರತಿ ವರ್ಷ ಊರಿನಿಂದ ಈ ವಾರ್ಷಿಕ ಸಂಚಿಕೆಯನ್ನು ಕಳುಹಿಸುತ್ತಾರೆ. ಅವಳು ಚಿತ್ರ ನೋಡಿ ಮುಚ್ಚಿಡುತ್ತಿದ್ದಳು. ರೋಣದ ತಾಯಿಗೆ ಬೇರೆ ದಾರಿಯಿರಲಿಲ್ಲ. ನನಗೆ ಇತ್ತು, ಸಮಯವಿಲ್ಲವೆಂದು ಹೇಳಿಕೊಂಡು ಬಂದಿದ್ದೆ. ಆ ಶನಿವಾರದ ಮರುದಿನ, ಅಂದರೆ ಭಾನುವಾರ ಬೆಳಗ್ಗೆ, ಹರಿವಾಣದಲ್ಲಿ ಅಕ್ಕಿ ಹರಡಿ ಅವಳನ್ನು ಕೂರಿಸಿದೆ. "ಇಷ್ಟು ದೊಡ್ಡವಳಿಗೆ ಅಕ್ಕಿಯಲ್ಲಿ ಬರೆಸುವುದಾ ಅಪ್ಪಾ?" ಎಂದು ನಕ್ಕಳು, ಆದರೂ ಬರೆದಳು. ವಾರಕ್ಕೊಂದು ಗಂಟೆಯಂತೆ ಒಂದೂವರೆ ವರ್ಷ ಹಿಡಿಯಿತು. ಈಗ ನಿಧಾನವಾಗಿ ಓದುತ್ತಾಳೆ. ಹೊರನಾಡಿನಲ್ಲಿರುವ ನಮ್ಮ ಕುಟುಂಬಗಳಿಗೆ ನಾನು ಹೇಳಬಹುದಾದದ್ದು ಇಷ್ಟೇ: ಸರಕಾರ ಶಾಲೆ ಕೊಡುವವರೆಗೆ ಕಾಯಬೇಡಿ, ವಾರದಲ್ಲಿ ಒಂದು ಗಂಟೆ ಮನೆಯಲ್ಲೇ ಇದೆ. ಈ ಲೇಖನವನ್ನು ಅವಳೇ ಓದಲಿ ಎಂದು ಬರೆದೆ. ತಪ್ಪಿದ್ದರೆ ಅಜ್ಜನೂ ಮೊಮ್ಮಗಳೂ ಸೇರಿ ತಿದ್ದಲಿ.